ಬೆಳಗಾಗುವ ತನಕ ಮಂಗಳವಾರ

ಶಿಕಾರಿಪುರ
24 ಮಾರ್ಚ್ 2025, ಸೋಮವಾರ, ಮಧ್ಯಾಹ್ನ ಒಂದೂವರೆ

ನನ್ನ ಫೋನ್ ಎತ್ತದ ತಿಪ್ಪೇಶಣ್ಣಂಗೆ, ನಿನ್ನ ತಂಗಿ ಮೈತ್ರಿಯ ನಮಸ್ಕಾರ.

ಹೇಗಿದೀಯ ಅಣ್ಣಾ? ಫೆಬ್ರವರಿಯಲ್ಲಿ ಬಂದಿದ್ದ ಆ ಜ್ವರ ಮತ್ತೆ ತಿರುಗಿ ಬಂದಿಲ್ಲ ತಾನೆ? ಊಟ ಸರಿಯಾಗಿ ಮಾಡ್ತಿದೀಯಾ, ಇಲ್ಲ ಅಲ್ಲೂ ಮುಖ ಗಂಟು ಹಾಕ್ಕೊಂಡು ಅರ್ಧ ರೊಟ್ಟಿಗೇ ಎದ್ದುಬಿಡ್ತೀಯಾ? ನೀಲಾಂಬಿಕತ್ತಿಗೆ ಹೇಗಿದಾಳೆ, ಅವರ ಅಪ್ಪಂಗೆ ಮಂಡಿ ನೋವು ಕಮ್ಮಿ ಆಯ್ತಾ, ಗುಡವಿ ಕೆರೆಯಲ್ಲಿ ನೀರು ಎಷ್ಟಿದೆ? ನೀನು ಅತ್ತೆ ಮನೆಗೆ ಹೋಗಿ ಮೂರು ವಾರ ಆಯ್ತು. ನಿನ್ನ ಫೋನಿಗೆ ಹಚ್ಚಿದ್ರೆ ಸ್ವಿಚ್ ಆಫ್. ಅತ್ತಿಗೆ ಫೋನಿಗೆ ಹಚ್ಚಿದ್ರೆ, ಅವ್ರು ಗದ್ದೆಗೆ ಹೋಗಿದಾರೆ ಕಣೆ ಅಂತಾಳೆ. ಬೆಳಿಗ್ಗೆ ಆರಕ್ಕೂ ಗದ್ದೆ, ಊಟದ ಹೊತ್ತಿಗೂ ಗದ್ದೆ, ರಾತ್ರಿ ಒಂಬತ್ತಕ್ಕೂ ಗದ್ದೆ. ಸೊರಬದ ಕಡೆ ಗಂಡಸರು ಗದ್ದೆಯಲ್ಲೇ ಮಲಗ್ತಾರೇನೋ ಗೊತ್ತಿಲ್ಲ. ಅದಕ್ಕೇ ಪೋಸ್ಟಾಫೀಸಿಗೆ ಹೋಗಿ ಇನ್‌ಲ್ಯಾಂಡ್ ಲೆಟರ್ ಕೇಳ್ದೆ. ಕೌಂಟರಿನವರು ನನ್ನನ್ನ ಒಂದು ಸಲ ಮೇಲಿಂದ ಕೆಳಗೆ ನೋಡಿ ಕೊಟ್ರು. ಅದರಲ್ಲಿ ಜಾಗ ಸಾಲಲ್ಲ ಅಂತ ಆಮೇಲೆ ಗೊತ್ತಾಗಿ ಈಗ ನಮ್ಮ ಕಂಪ್ಯೂಟರ್ ಸೆಂಟರಿನ ಹಾಜರಿ ಪುಸ್ತಕದ ಹಿಂದಿನ ಹಾಳೆ ಹರಿದು ಬರೀತಿದೀನಿ. ಎಂಟನೇ ಕ್ಲಾಸಿನ ರಜಾ ಅರ್ಜಿ ಆದ ಮೇಲೆ ನಾನು ಕೈಯಲ್ಲಿ ಬರೀತಿರೋ ಮೊದಲ ಕಾಗದ ಇದು, ಅಕ್ಷರ ನೋಡಿ ನಗಬೇಡ.

ಊರಲ್ಲಿ ಎಲ್ಲರೂ ಚೆನ್ನಾಗಿದಾರೆ ಅಂತ ಬರೀಬೇಕು, ಬರೆದಿದೀನಿ. ನಿಜ ಹೇಳ್ಲಾ? ಅವ್ವ ಈಗಲೂ ರಾತ್ರಿ ನಾಲ್ಕು ತಟ್ಟೆ ತೆಗೀತಾಳೆ. ನಾನು ವಾರಕ್ಕೊಂದು ಸಲ ಹೋಗೋಳು, ನೀನಿಲ್ಲ, ಅಲ್ಲಿಗೆ ಎರಡು ತಟ್ಟೆ ಸಾಕು. ತೆಗೆದು, ನೋಡಿ, ಎರಡನ್ನ ಮತ್ತೆ ಒಳಗಿಡ್ತಾಳೆ. ಅಪ್ಪ ನನ್ನ ಜೊತೆ ಮಾತಾಡ್ತಾನೆ, ಆದ್ರೆ ದನಕ್ಕೆ ಹುಲ್ಲು ಹಾಕ್ದ್ಯಾ, ಬಸ್ ಎಷ್ಟೊತ್ತಿಗೆ ಅಷ್ಟೇ. ತೂಬಿನ ಕೀಲಿ ನೇತು ಹಾಕ್ತಿದ್ದ ಮೊಳೆ ಖಾಲಿ ಕಾಣಬಾರದು ಅಂತ ಅದಕ್ಕೆ ಕ್ಯಾಲೆಂಡರ್ ನೇತು ಹಾಕಿದಾನೆ. ಅಜ್ಜನ ಕಾಲದಿಂದ ಕೆರೆಯ ಕೀಲಿ ಇದ್ದ ಮೊಳೆ ಅದು.

ಅಣ್ಣಾ, ಸುತ್ತಿ ಬಳಸಿ ಬರೆಯೋಕೆ ನಂಗೆ ಬರಲ್ಲ. ನೀನು ನೀರು ಕದ್ದಿಲ್ಲ. ನಾನು ಊರ ಮುಂದೆ ಓದಿದ ಪಟ್ಟಿ ತಪ್ಪು. ಹನ್ನೊಂದಕ್ಕೆ ಹನ್ನೊಂದೂ ತಪ್ಪು. ನಿನ್ನೆ ಗೊತ್ತಾಯ್ತು. ಇವತ್ತು ಬೆಳಿಗ್ಗೆ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಏನು ಬರೆದೆ ಅಂತ ನಂಗೇ ನೆನಪಿಲ್ಲ. ಒಡಹುಟ್ಟಿದ ತಂಗಿ ಲ್ಯಾಪ್‌ಟಾಪ್ ಹಿಡ್ಕೊಂಡು ಕಟ್ಟೆ ಹತ್ತಿ ನಿಂತು ಅಣ್ಣನ್ನ ಕಳ್ಳ ಮಾಡಿದಳಲ್ಲ, ಅಯ್ಯೋ ದೇವರೇ, ಯಾವ ಬಾಯಲ್ಲಿ ಓದಿದೆನೋ.

ಮೊದಲಿಂದ ಬರೀತೀನಿ, ಇಲ್ಲದಿದ್ರೆ ನಂಗೇ ಸಮಾಧಾನ ಇಲ್ಲ. ಜನವರಿಯಲ್ಲಿ ಬೇಸಿಗೆ ಭತ್ತದ ನಾಟಿ ಶುರುವಾದಾಗ ಆ ವೆಬ್ ಪೇಜು ಮಾಡಿದ್ದು ನಾನೇ, ನಂದೇ ಹಠ. ನೀರುಗಂಟಿ, ಅಂದ್ರೆ ನೀನು, ಯಾರ ಗದ್ದೆಗೆ ನೀರು ತಿರುಗಿಸಿದ್ರೂ ಫೋನಿನಲ್ಲಿ ಆ ಗದ್ದೆ ಹೆಸರು ಒತ್ತೋದು, ಯಾವ ದಿನ ಎಷ್ಟು ಗಂಟೆಗೆ ಅಂತ ಅದೇ ಬರ್ಕೊಳ್ಳೋದು, ಪಾಳಿ ಇದ್ರೆ ಹಸಿರು ಗೆರೆ, ಪಾಳಿ ಇಲ್ಲದವರಿಗೆ ಬಿಟ್ರೆ ಕೆಂಪು ಗೆರೆ. ನೀನು ಆಗಲೇ ಗೊಣಗಿದ್ದೆ, ನೀರಿಗೆ ಬಟನ್ ಯಾಕೆ ಮಾರಾಯ್ತಿ ಅಂತ. ಆದ್ರೂ ತಂಗಿ ಮಾಡಿದ್ದು ಅಂತ ಒಂದು ಸಲವೂ ಬಿಡದೆ ಒತ್ತಿದೆ. ಮೊದಲ ವಾರ ಅದು ಹತ್ತನೇ ತಾರೀಖನ್ನ ಒಂಬತ್ತರ ಮೇಲೆ ತಂದು ಕೂರಿಸಿತ್ತಲ್ಲ, ನೆನಪಿದೆಯಾ? ನಾನು ತಾರೀಖನ್ನ ಬರೀ ಅಕ್ಷರದ ಹಾಗೆ ಹೋಲಿಸಿದ್ದೆ, ಕಂಪ್ಯೂಟರು ಮೊದಲ ಅಂಕಿ ನೋಡಿ, ಒಂದು ಒಂಬತ್ತಕ್ಕಿಂತ ಚಿಕ್ಕದು, ಆದ್ದರಿಂದ ಹತ್ತು ಮೊದಲು ಅಂದುಬಿಟ್ಟಿತ್ತು. ನೀನು ಬಿದ್ದು ಬಿದ್ದು ನಕ್ಕೆ. ನಾನು ಸಿಟ್ಟಲ್ಲಿ ಒಂದೇ ಗಂಟೆಯಲ್ಲಿ ಸರಿ ಮಾಡಿ, ಇನ್ಮೇಲೆ ಒಂದು ತಪ್ಪು ತೋರಿಸು ನೋಡೋಣ ಅಂದಿದ್ದೆ. ಆ ಜಂಬವೇ ನನ್ನ ತಲೆ ತಿಂದಿದ್ದು.

ಆಮೇಲೆ ನಿಂಗೆ ಜ್ವರ ಬಂತು. ಅತ್ತಿಗೆನ ಬಿಡೋಕೆ ಸೊರಬಕ್ಕೆ ಹೋಗಿ ಬಂದ ಮರುದಿನವೇ ಮೈ ಕೆಂಡ. ಕ್ಯಾಸನೂರು ಕಡೆ ಕಾಡು, ಉಣ್ಣೆ ಕಚ್ಚಿರುತ್ತೆ, ಇದು ಮಂಗನ ಕಾಯಿಲೆನೇ ಅಂತ ಅವ್ವ ಎದೆ ಬಡ್ಕೊಂಡಳು. ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬರೋವರೆಗೂ ಅವಳು ಗುಟುಕು ನೀರು ಕುಡೀಲಿಲ್ಲ. ನಾನು ರಜೆ ಹಾಕಿ ಬಂದು ನಿಂಗೆ ಗಂಜಿ ಕುಡಿಸಿದೆ. ಫೆಬ್ರವರಿ ಹನ್ನೊಂದು, ಮಂಗಳವಾರ. ಮಂಗಳವಾರದ ಕೊನೆ ನೀರು ಶೇಷಮ್ಮಂದು, ಬುಧವಾರದ ಮೊದಲ ನೀರು ನಮ್ಮದು. ನೀನು ಆ ಜ್ವರದಲ್ಲೂ ಕಂಬಳಿ ಹೊದ್ಕೊಂಡು ರಾತ್ರಿ ಹತ್ತಕ್ಕೆ ಹೋಗಿ ಶೇಷಮ್ಮಂಗೆ ನೀರು ತಿರುಗಿಸಿ ಬಂದೆ. ಬಂದು ಕೀಲಿನೂ ಫೋನೂ ನನ್ನ ಕೈಗಿಟ್ಟು, ಬೆಳಗಾದ ಮೇಲೆ ನಮ್ಮದು ತಿರುಗಿಸು ಅಂತ ಮಲಗಿದೆ. ನಾನು ತಿರುಗಿಸಿದೆ, ಬಟನ್ನೂ ಒತ್ತಿದೆ. ಹುಟ್ಟಿ ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ಅಜ್ಜನ ಕೀಲಿ ನನ್ನ ಕೈಗೆ ಬಂದಿತ್ತು.

ಶೇಷಮ್ಮ ಗಲಾಟೆ ಎಬ್ಬಿಸಿದ್ದು ಅದೇ ವಾರ. ಗಂಡ ಇಲ್ಲದೋಳು, ಕಾಲುವೆಯ ಕೊನೆ ಗದ್ದೆ, ನಾಟಿ ಮಾಡಿ ಹದಿನೈದು ದಿನ ಆಗಿರಲಿಲ್ಲ. ನನ್ನ ಮಂಗಳವಾರದ ನೀರು ಅರ್ಧ ಗದ್ದೆಗೂ ಮುಟ್ಟಿಲ್ಲ, ಯಾರೋ ನಡುವೆ ತಿರುಗಿಸಿದಾರೆ ಅಂತ ಪರಮಶಿವಪ್ಪನೋರ ಮನೆ ಮುಂದೆ ಕೂತಳು. ಮುಂದಿನ ಪಾಳಿ ಬರೋ ಹೊತ್ತಿಗೆ ಅವಳ ಮಣ್ಣು ಬಿರುಕು ಬಿಟ್ಟು ಅರ್ಧ ಸಸಿ ಹಳದಿ ಆಗಿತ್ತು. ಕೆರೆ ಸಂಘದ ಅಧ್ಯಕ್ಷರು ಪರಮಶಿವಪ್ಪನೋರು, ಅವರು ನಂಗೆ ಫೋನ್ ಮಾಡಿ, ನಿನ್ನ ಪೇಜು ಐತಲ್ಲವಾ, ಅದನ್ನೇ ಓದು ಅಂದ್ರು. ಮಾರ್ಚ್ ಎರಡು, ಭಾನುವಾರ, ಕೆರೆ ಕಟ್ಟೆ ಮೇಲೆ ಊರೆಲ್ಲ ಸೇರಿತ್ತು. ನಾನು ಓದಿದೆ. ಹನ್ನೊಂದು ಕೆಂಪು ಗೆರೆ. ಹನ್ನೊಂದು ಸಲ ನೀರುಗಂಟಿ ಪಾಳಿ ಇಲ್ಲದವರಿಗೆ ನೀರು ಬಿಟ್ಟಿದಾನೆ ಅಂತ ಅರ್ಥ. ಎಲ್ಲರೂ ನಿನ್ನ ಕಡೆ ತಿರುಗಿದ್ರು. ನೀನು ಒಂದೇ ಮಾತು ಅಂದೆ, ಬೆಳಗಾಗೋ ತನಕ ಹಿಂದಿನ ದಿನದ ನೀರೇ ಅಂತ. ಅದಕ್ಕೆ ನಾನೇನಂದೆ? ಕಂಪ್ಯೂಟರ್ ಸುಳ್ಳು ಹೇಳಲ್ಲ ಅಣ್ಣಾ ಅಂದೆ. ಈ ನಾಲಿಗೆಗೆ ಬರೆ ಹಾಕ್ಬೇಕು. ಹಂಗಾರೆ ನನ್ನ ಮಂಗಳವಾರದ ನೀರು ಎಲ್ಲಿ ಹೋತು ಹೇಳು ಅಂತ ಶೇಷಮ್ಮ ಎದ್ದು ನಿಂತಳು. ನೀನು ಬಾಯಿ ತೆರೆದೆ, ನನ್ನ ಮುಖ ನೋಡಿದೆ, ಬಾಯಿ ಮುಚ್ಚಿದೆ. ಸೊಂಟದಿಂದ ಕೀಲಿ ಬಿಚ್ಚಿ ಕಟ್ಟೆ ಮೇಲೆ ಇಟ್ಟು ಇಳಿದು ಹೋದೆ. ತಪ್ಪು ಮಾಡಿದೋನಿಗೆ ಮಾತು ಹೊರಡಲಿಲ್ಲ ಅಂದ್ಕೊಂಡೆ ನಾನು.

ಈಗ ನಿನ್ನೆ ಏನಾಯ್ತು ಕೇಳು. ನಮ್ಮ ಪೇಜು ಇಟ್ಟಿದ್ದ ಸರ್ವರ್, ಅಂದ್ರೆ ಅದು ವಾಸ ಮಾಡೋ ಕಂಪ್ಯೂಟರು, ಮುಚ್ಚುತ್ತೆ ಅಂದ್ರು ಅಂತ ಶನಿವಾರ ಅದನ್ನ ಬೇರೆ ಕಡೆ ಸಾಗಿಸಿದೆ. ನಿನ್ನೆ ತೆಗೆದು ನೋಡ್ತೀನಿ, ಆ ಕೆಂಪು ಗೆರೆಗಳೇ ಇಲ್ಲ! ನಿನ್ನ ಹನ್ನೊಂದೂ ಹಸಿರು. ಸಾಗಿಸೋವಾಗ ಏನೋ ಕೆಡಿಸಿದೀನಿ ಅಂತ ಬೈಕೊಂಡು ಹುಡುಕೋಕೆ ಕೂತೆ. ಕೆಟ್ಟಿದ್ದು ನಿಜ. ಹಳೆ ಸರ್ವರಿನ ಗಡಿಯಾರ ನಮ್ಮ ದೇಶದ ಕಾಲಕ್ಕೆ ಇತ್ತು, ಹೊಸದರ ಗಡಿಯಾರ ಗ್ರೀನಿಚ್ ಕಾಲದ್ದು. ಅಲ್ಲಿ ನಡುರಾತ್ರಿ ಹನ್ನೆರಡು ಹೊಡೆಯೋ ಹೊತ್ತಿಗೆ ನಮಗೆ ಬೆಳಿಗ್ಗೆ ಐದೂವರೆ. ಅಂದ್ರೆ ಹೊಸ ಸರ್ವರಿಗೆ ತಾರೀಖು ಬದಲಾಗೋದು ನಮ್ಮ ಬೆಳಗಿನ ಐದೂವರೆಗೆ. ನಮ್ಮ ಕೋಳಿ ಕೂಗಿ, ಅವ್ವ ಬಾಗಿಲಿಗೆ ನೀರು ಹಾಕೋ ಹೊತ್ತಿಗೆ. ಅಲ್ಲಿ ತನಕ ಅದಕ್ಕೆ ಹಿಂದಿನ ದಿನವೇ. ಅಣ್ಣಾ, ಇದನ್ನ ಓದಿದ ತಕ್ಷಣ ನಿನ್ನ ಮಾತು ಕಿವಿಯಲ್ಲಿ ಕೇಳಿಸ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಪಕ್ಕದಲ್ಲಿ ಟೈಪಿಂಗ್ ಮಾಡ್ತಿದ್ದೋರು ಕರೆಂಟ್ ಹೊಡೀತಾ ಮೇಡಂ ಅಂತ ಕೇಳಿದ್ರು.

ಸಂಜೆ ಬಸ್ಸಿಗೇ ಊರಿಗೆ ಹೋದೆ. ಮನೆಗೂ ಹೋಗದೆ ನೇರ ಪರಮಶಿವಪ್ಪನೋರ ಹತ್ರ ಹೋಗಿ, ನಮ್ಮೂರಲ್ಲಿ ನೀರಿನ ಪಾಳಿ ಶುರುವಾಗೋದು ಎಷ್ಟೊತ್ತಿಗೆ ಅಂತ ಕೇಳಿದೆ. ಅವರು ನನ್ನ ಮುಖವನ್ನ, ಸೂರ್ಯ ಯಾವ ಕಡೆ ಹುಟ್ಟುತ್ತೆ ಅಂತ ಕೇಳಿದೋಳ ಮುಖ ನೋಡೋ ಹಾಗೆ ನೋಡಿದ್ರು. ಬೆಳಗಾದ್ರೆ ಆ ದಿನ, ಇದೇನು ಕೇಳೋ ಮಾತೇನವಾ, ನಿಮ್ಮಜ್ಜ ಮೂಡಲು ಕೆಂಪಾಗದೆ ಕೀಲಿ ಮುಟ್ಟತಿರಲಿಲ್ಲ ಅಂದ್ರು. ಮತ್ತೆ ನಂಗೆ ಯಾಕೆ ಹೇಳಲಿಲ್ಲ ಅಂದ್ರೆ, ನೀನು ಕೇಳಲಿಲ್ಲ ಅಂದ್ರು. ನಿಜ, ನಾನು ಕೇಳಲಿಲ್ಲ. ದಿನ ಅಂದ್ರೆ ರಾತ್ರಿ ಹನ್ನೆರಡರಿಂದ ಹನ್ನೆರಡು, ಇದರಲ್ಲಿ ಕೇಳೋದೇನಿದೆ ಅಂದ್ಕೊಂಡೆ. ಅವರಿಗೂ ದಿನ ಅಂದ್ರೆ ಬೆಳಗಿಂದ ಬೆಳಗು, ಇದರಲ್ಲಿ ಹೇಳೋದೇನಿದೆ ಅಂತ. ಸೋಮವಾರದ ನೀರು ಒಂದೊಂದು ಗದ್ದೆ ಮುಗಿಸ್ಕೊಂಡು ಕೊನೆ ಗದ್ದೆಗೆ ತಿರುಗೋ ಹೊತ್ತಿಗೆ ಕೆಲವು ದಿನ ರಾತ್ರಿ ಎರಡೋ ಮೂರೋ ಆಗಿರುತ್ತೆ. ನಿನ್ನ ಲೆಕ್ಕಕ್ಕೆ ಅದು ಸೋಮವಾರ. ನನ್ನ ಪೇಜಿನ ಲೆಕ್ಕಕ್ಕೆ ಮಂಗಳವಾರ, ಅಲ್ಲಿಗೆ ಕೆಂಪು ಗೆರೆ, ಅಲ್ಲಿಗೆ ನೀನು ಕಳ್ಳ. ಅಷ್ಟು ಜನರಲ್ಲಿ ಒಬ್ಬರಾದ್ರೂ ಗಂಟೆ ಎಷ್ಟು ಅಂತ ಕೇಳಲಿಲ್ಲ, ನಾನು ತಾರೀಖು ಮಾತ್ರ ಓದಿದ್ದೆ. ಅಲ್ಲ, ಕದಿಯೋನು ಯಾರಾದ್ರೂ ಹನ್ನೊಂದು ಸಲ ತಾನೇ ಬಟನ್ ಒತ್ತಿ ಸಾಕ್ಷಿ ಹೇಳಿ ಕದೀತಾನಾ? ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೀಲಿಲ್ಲ. ಯಾವ ಬುದ್ಧಿ ಇಟ್ಕೊಂಡು ಮಕ್ಕಳಿಗೆ ಪಾಠ ಹೇಳ್ತೀನೋ ನಂಗೇ ಆಶ್ಚರ್ಯ.

ಆದ್ರೆ ಹೊಸ ಸರ್ವರು ಸರಿ ಹೇಳಿದ್ದು ಅದೃಷ್ಟಕ್ಕೆ. ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಬಿದ್ದು ಸರಿ ಅನ್ನಿಸ್ತು ಅಷ್ಟೇ. ಅದನ್ನ ನಂಬಿ ನಾನು ಇನ್ನೊಂದು ಸಲ ಕಟ್ಟೆ ಹತ್ತೋಳಲ್ಲ. ಇವತ್ತು ಬೆಳಿಗ್ಗೆ ಎಲ್ಲಾ ಕಿತ್ತು ಹೊಸದಾಗಿ ಬರೆದೆ. ನಿಂಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಕಂಪ್ಯೂಟರಿನ ಹೊಟ್ಟೆಯಲ್ಲಿ ಸೋಮವಾರ ಮಂಗಳವಾರ ಅಂತ ಏನೂ ಇಲ್ಲ ಅಣ್ಣಾ. 1970ರ ಜನವರಿ ಒಂದರಿಂದ ಎಷ್ಟು ಸೆಕೆಂಡು ಕಳೀತು ಅಂತ ಒಂದೇ ಒಂದು ದೊಡ್ಡ ಸಂಖ್ಯೆ ಇರುತ್ತೆ, ಅದು ಇಲ್ಲೂ ಅದೇ, ಗ್ರೀನಿಚ್‌ನಲ್ಲೂ ಅದೇ. ತಾರೀಖು ಅನ್ನೋದು ನಾವು ಅದಕ್ಕೆ ತೊಡಿಸೋ ಅಂಗಿ. ನಾನು ಅಂಗಿಗೆ ಅಂಗಿ ಹೋಲಿಸಿದ್ದೆ. ಈಗ ಪ್ರತಿ ಪಾಳಿ ಯಾವ ಕ್ಷಣಕ್ಕೆ ಶುರು, ಯಾವ ಕ್ಷಣಕ್ಕೆ ಮುಗಿಯುತ್ತೆ ಅಂತ ಆಯಾ ದಿನದ ಸೂರ್ಯೋದಯ ಹಿಡಿದು ಇಟ್ಟಿದೀನಿ, ನೀನು ಬಟನ್ ಒತ್ತಿದ ಕ್ಷಣ ಅವೆರಡರ ನಡುವೆ ಇದೆಯಾ ಇಲ್ವಾ ಅಂತ ಮಾತ್ರ ನೋಡುತ್ತೆ. ಒಂದೊಂದನ್ನೂ ಕೈಯಲ್ಲಿ ಬರೆದು ಎರಡೆರಡು ಸಲ ತಾಳೆ ನೋಡಿದೆ. ನಿನ್ನ ಹನ್ನೊಂದೂ ಆಯಾ ಪಾಳಿ ಒಳಗೇ ಇವೆ. ಒಂದು ನಿಮಿಷ ಆಚೆ ಈಚೆ ಇಲ್ಲ. ಜ್ವರ ಬಂದಾಗಲೂ, ಮದುವೆ ಮನೆಗೆ ಹೋಗಿ ಬಂದ ದಿನವೂ ಇಲ್ಲ. ನೋಡ್ತಾ ನೋಡ್ತಾ ನಂಗೆ ಅಳು ತಡೀಲಿಲ್ಲ.

ಬರೋ ಭಾನುವಾರ ಯುಗಾದಿ. ನಮ್ಮೂರ ಪದ್ಧತಿ ನಿಂಗೆ ನಾನು ಹೇಳಬೇಕಾ? ಬೆಳಿಗ್ಗೆ ಕೆರೆ ಕಟ್ಟೆ ಮೇಲೆ ಬೇವಿನ ಸೊಪ್ಪಿನ ಪಕ್ಕ ಕೀಲಿ ಇಡ್ತಾರೆ, ಅಧ್ಯಕ್ಷರು ಎತ್ತಿ ವರ್ಷದ ನೀರುಗಂಟಿ ಕೈಗೆ ಕೊಡ್ತಾರೆ. ಈ ಸಲ, ನೀನು ಹೋದ ಮೇಲೆ ನೀರು ನೋಡ್ಕೊಳ್ತಿರೋ ನಾಗೇಶಂಗೆ ಕೊಡೋದು ಅಂತ ಮಾತಾಗಿದೆ, ಅವನು ಹೊಸ ಗಂಬೂಟೂ ತಂದಿದಾನೆ ಪಾಪ. ಒಂದು ಸಲ ಬೇರೆ ಕೈಗೆ ಹೋದ್ರೆ ಮತ್ತೆ ನಮ್ಮ ಮನೆಗೆ ಬರಲ್ಲ, ಅದು ಅಪ್ಪಂಗೂ ಗೊತ್ತು. ನಿನ್ನೆ ನಾನು ಎಲ್ಲಾ ಹೇಳಿದ ಮೇಲೆ ಪರಮಶಿವಪ್ಪನೋರು, ಅವನು ಬಂದು ನಿಂತ್ರೆ ನೋಡೋಣ, ಬರದೋನ ಕೈಗೆ ಕೀಲಿ ಹೆಂಗೆ ಕೊಡೋದು ಅಂದ್ರು. ನೀನು ಬರಬೇಕು ಅಣ್ಣಾ. ಶನಿವಾರ ಸಂಜೆಯೊಳಗೆ ಬಾ. ನನ್ನ ಮೇಲಿನ ಸಿಟ್ಟು ಅಲ್ಲೇ ಬಿಟ್ಟು ಬಾ ಅನ್ನಲ್ಲ, ತಗೊಂಡೇ ಬಾ, ನಾಲ್ಕು ಬಾರಿಸು ಬೇಕಾದ್ರೆ. ಕ್ಯಾಲೆಂಡರ್ ನಾನು ನಿನ್ನೆ ರಾತ್ರಿಯೇ ತೆಗೆದು ಅಟ್ಟಕ್ಕೆ ಹಾಕಿದೆ. ಅಪ್ಪ ನೋಡಿದ, ಹೋಗಿ ಮೊಳೆ ಗಟ್ಟಿ ಇದೆಯಾ ಅಂತ ಅಲ್ಲಾಡಿಸಿ ನೋಡಿದ.

ಅತ್ತಿಗೆಗೆ, ಅವರ ಅಪ್ಪ ಅಮ್ಮಂಗೆ ನನ್ನ ನಮಸ್ಕಾರ ತಿಳಿಸು. ಅವ್ವ ಹಬ್ಬಕ್ಕೆ ಹೂರಣದ ಬೇಳೆ ಈಗಲೇ ಅಳೆದು ಇಟ್ಟಿದಾಳೆ, ನಾಲ್ಕು ಜನಕ್ಕಲ್ಲ, ಅತ್ತಿಗೆನೂ ಸೇರಿಸಿ ಐದು ಜನಕ್ಕೆ. ಮೈ ಹುಷಾರು, ಕಾಡಿನ ಕಡೆ ಹೋಗೋದಾದ್ರೆ ಕೈಕಾಲಿಗೆ ಎಣ್ಣೆ ಹಚ್ಕೊಂಡು ಹೋಗು.

ನಿನ್ನ ಕಾಲಿಗೆ ಬೀಳಬೇಕಾದ ತಂಗಿ,
ಮೈತ್ರಿ

ಮತ್ತೆ: ಪೋಸ್ಟ್ ಡಬ್ಬಿಯಿಂದ ಕಾಗದ ತೆಗೆಯೋರು ಮೂರೂವರೆಗೆ ಬರ್ತಾರಂತೆ, ಗಂಟೆ ಮೂರಾಯ್ತು, ಬೇಗ ಬರೀತೀನಿ. ಮೇಲೆ ಬರೆಯೋಕೆ ಧೈರ್ಯ ಸಾಲಲಿಲ್ಲ. ನಿನ್ನೆ ಹೊಸ ಸರ್ವರಿನಲ್ಲಿ ನಿನ್ನ ಹನ್ನೊಂದು ಗೆರೆ ಹಸಿರಾದವು. ಆದ್ರೆ ಮೊದಲು ಹಸಿರಿದ್ದ ಒಂದು ಗೆರೆ ಕೆಂಪಾಯ್ತು, ಇವತ್ತು ಲೆಕ್ಕ ಸರಿ ಮಾಡಿದ ಮೇಲೂ ಅದು ಕೆಂಪೇ. ಫೆಬ್ರವರಿ ಹನ್ನೆರಡು, ಬುಧವಾರ, ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷ, ನಮ್ಮ ಗದ್ದೆ. ಒತ್ತಿದೋಳು ನಾನು. ಹನ್ನೆರಡಕ್ಕೇ ನಮ್ಮ ಬುಧವಾರ ಶುರುವಾಯ್ತು, ಆಗಲೇ ಮೂರು ಗಂಟೆ ನೀರು ದಂಡ ಆಯ್ತು, ಅಣ್ಣ ಜ್ವರದಲ್ಲಿ ಬೆಳಗಾದ ಮೇಲೆ ಅಂತ ಏನೋ ಅಂತಾನೆ ಅಂತ ಎಚ್ಚರ ಆದ ತಕ್ಷಣ ಎದ್ದು ಹೋಗಿ ತಿರುಗಿಸಿದ್ದೆ. ಶೇಷಮ್ಮನ ಗದ್ದೆ ಒಣಗಿಸಿದೋಳು ನಾನು ಅಣ್ಣಾ. ನಿಂಗೆ ಅವತ್ತೇ ಗೊತ್ತಿತ್ತು. ಬೆಳಿಗ್ಗೆ ನೀನು, ಎಷ್ಟೊತ್ತಿಗೆ ತಿರುಗಿಸಿದೆ ಅಂತ ಕೇಳಿದೆ, ಮೂರಕ್ಕೇ ಅಂತ ನಾನು ಬೀಗಿದೆ, ನೀನು ಗೋಡೆ ಕಡೆ ತಿರುಗಿ, ಯಾರಿಗೂ ಹೇಳಬೇಡ ಅಂದೆ. ಕತ್ತಲಲ್ಲಿ ಒಬ್ಬಳೇ ಹೋಗಿದ್ದಕ್ಕೆ ಅವ್ವ ಬೈತಾಳೆ ಅಂತ ಹೇಳಿದೆ ಅಂದ್ಕೊಂಡಿದ್ದೆ. ಕಟ್ಟೆ ಮೇಲೆ ನೀನು ಬಾಯಿ ಬಿಟ್ಟು ಹೇಳಿದ್ರೆ ನಿನ್ನ ಹನ್ನೊಂದು ಅಳಿಸಿ ನನ್ನ ಒಂದು ಉಳೀತಿತ್ತು, ಅದಕ್ಕೇ ನನ್ನ ಮುಖ ನೋಡಿ ಬಾಯಿ ಮುಚ್ಕೊಂಡೆ. ಪರಮಶಿವಪ್ಪನೋರಿಗೂ ನಿನ್ನೆ ಇದೊಂದು ಹೇಳಿಲ್ಲ, ಮೊದಲು ಕೇಳಬೇಕಾದೋಳು ಶೇಷಮ್ಮ. ಅತ್ತಿಗೆ ಫೋನಿನಲ್ಲೇ ಈ ವಿಷಯ ತಿಳಿಸಬಹುದಿತ್ತು, ತಿಳಿಸಲಿಲ್ಲ, ನೀನು ತಡೀತೀಯ ಅಂತ. ಈ ಕಾಗದ ನಿಂಗೆ ಮುಟ್ಟೋಕೆ ಎರಡು ದಿನ ಬೇಕು. ಡಬ್ಬಿಗೆ ಹಾಕಿ ನಾಲ್ಕರ ಬಸ್ಸಿಗೆ ಹೊರಟೆ. ಯಾರಿಗೂ ಹೇಳಬೇಡ ಅಂತ ನೀನು ಅಂದಿದ್ದೆ ಅಲ್ವಾ, ಕತ್ತಲಾಗೋದರೊಳಗೆ ಶೇಷಮ್ಮನ ಮನೆ ಜಗಲಿ ಮೇಲೆ ಕೂತು ಹೇಳಿರ್ತೀನಿ.